ಸಿಪ್ಪೆ ಬಿಡದ ಮೊಟ್ಟೆ

ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುವ ವಿಷಯದಲ್ಲಿ ನನ್ನನ್ನು ನಾನೇ ಪಂಡಿತನೆಂದು ಕರೆದುಕೊಳ್ಳುತ್ತೇನೆ. ಬೇರೆ ಯಾರೂ ಕರೆಯುವುದಿಲ್ಲವಾದ್ದರಿಂದ ಇದು ಅನಿವಾರ್ಯ. ಮಣಿಪಾಲದ ನನ್ನ ಬಾಡಿಗೆ ಕೋಣೆಗೆ ಬಂದವರಿಗೆಲ್ಲ ಉಪದೇಶ ಕೊಡುವುದುಂಟು: ಬೆಂದ ಕೂಡಲೇ ತಣ್ಣೀರಿಗೆ ಹಾಕಿ, ದಪ್ಪ ತುದಿಯಲ್ಲಿ ಕುಟ್ಟಿ, ಅಲ್ಲಿ ಒಂದಿಷ್ಟು ಗಾಳಿ ಇರುತ್ತದೆ, ಅಲ್ಲಿಂದ ಒಳಪೊರೆ ಸಮೇತ ಎಳೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ ಮೊಟ್ಟೆ ಒಂದು ವಾರ ಹಳೆಯದಾಗಿರಬೇಕು. ಈ ಕೊನೆಯ ಮಾತನ್ನು ಕಲಿಯಲು ನಾನು ಅಕ್ಕನ ಮದುವೆಯನ್ನೇ ಪಣಕ್ಕಿಡಬೇಕಾಯಿತು.

ಆಗ ನಾವು ಕಾಪುವಿನಲ್ಲಿದ್ದೆವು. ಅಕ್ಕನನ್ನು ನೋಡಲು ಕಾರ್ಕಳದಿಂದ ಬರುವವರು ಶುಕ್ರವಾರವೇ ಬರುತ್ತೇವೆಂದರು. ಹುಡುಗನ ರಜೆ ಮುಗಿಯುತ್ತಿತ್ತು. ಕ್ಯಾಥೊಲಿಕ್ ಕ್ರೈಸ್ತರಾದ ನಮಗೆ ಶುಕ್ರವಾರ ಮಾಂಸ ನಿಷಿದ್ಧ, ಹಾಗಾಗಿ ಕೋಳಿ ಬಚಾವ್. ಮೀನು ಮಾಡೋಣವೆಂದರೆ ಮಳೆಗಾಲ, ಎರ್ಮಾಳಿನ ದೋಣಿಗಳೆಲ್ಲ ದಡದಲ್ಲಿ. ಸಂಬಂಧ ನೋಡಲು ಬಂದವರಿಗೆ ಒಣಮೀನು ಬಡಿಸಲಾಗುತ್ತದೆಯೇ? ಉಳಿದದ್ದು ಮೊಟ್ಟೆ. ತೌಡಿನ ಮಡಕೆಯಲ್ಲಿ ವಾರದಿಂದ ಕೂಡಿಟ್ಟ ಮೊಟ್ಟೆಗಳೇನೋ ಇದ್ದವು. ಆದರೆ ಅವು ಮನೆಯವರಿಗೆ. ನೆಂಟರಿಗೆ ಅಂದೇ ಇಟ್ಟ ಮೊಟ್ಟೆ ಆಗಬೇಕೆಂಬುದು ಅಮ್ಮನ ಹಟ. ನೆರೆಮನೆಯ ಕೋಳಿಗೂಡಿಗೂ ಹೋಗಿ, ಇನ್ನೂ ಬಿಸಿ ಆರದ ಎಂಟು ಮೊಟ್ಟೆ ತಂದಳು.

ಸುಲಿಯುವ ಕೆಲಸ ನನ್ನದು. ಉಡುಪಿಯ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ನನಗೆ, ಬಿಸಿಯಲ್ಲಿ ಹಿಗ್ಗಿ ತಂಪಿನಲ್ಲಿ ಕುಗ್ಗುವ ವಸ್ತುಗಳ ಮೇಲೆ ಅಪಾರ ನಂಬಿಕೆ. ಮೊಟ್ಟೆಗಳು ಆ ಪಾಠ ಓದಿರಲಿಲ್ಲ. ಸಿಪ್ಪೆಯ ಪ್ರತಿ ಚೂರಿನ ಜೊತೆ ಬಿಳಿಯೂ ಕಿತ್ತು ಬಂತು. ಮುಗಿಯುವಾಗ ತಟ್ಟೆಯಲ್ಲಿ ಸಿಡುಬಿನ ಕಲೆಗಳ ಎಂಟು ಮುಖಗಳಿದ್ದವು. ಮಡಕೆಯ ಮೊಟ್ಟೆಯನ್ನಾದರೂ ಬೇಯಿಸೋಣವೆಂದರೆ, ಬೆಳ್ಮಣ್ ಮಾರ್ಗವಾಗಿ ಬಂದ ಬಸ್ಸಿನಿಂದಿಳಿದ ನೆಂಟರು ಆಗಲೇ ಅಂಗಳದಲ್ಲಿ.

ಅಕ್ಕನಿಗೆ ಅದಕ್ಕೂ ಮೊದಲು ಎರಡು ಸಂಬಂಧ ತಪ್ಪಿತ್ತು. ಈ ಹುಡುಗನನ್ನು ಇಗರ್ಜಿಯಲ್ಲಿ ಒಮ್ಮೆ ಕಂಡು ಮನಸಾರೆ ಮೆಚ್ಚಿದ್ದಳು. ಅವನ ತಾಯಿಯೋ, ಮನೆಯನ್ನು ಅಡುಗೆಯಿಂದಲೇ ಅಳೆಯುವವರೆಂದು ಹೆಸರಾದವರು. ಅಕ್ಕ ತಟ್ಟೆ ನೋಡಿದಳು, ಕಣ್ಣೊರೆಸಿಕೊಂಡಳು. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅಮ್ಮ ಹೊಂಡ ಬಿದ್ದ ಮಗ್ಗುಲನ್ನು ಕೆಳಗೆ ಮಾಡಿ ಮಸಾಲೆಯಲ್ಲಿ ಹೂತು ಬಡಿಸಿದಳು. ಹುಡುಗನ ತಾಯಿ ಮೊಟ್ಟೆಯನ್ನು ಬೆರಳಿನಿಂದ ಮೆಲ್ಲನೆ ಮಗುಚಿದರು. ಮಗನ ತಟ್ಟೆಯದ್ದನ್ನೂ ಮಗುಚಿ ನೋಡಿದರು.

"ಇವತ್ತಿನ ಮೊಟ್ಟೆ ಅಲ್ವಾ, ಮೇರಿ ಬಾಯಿ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ತಪ್ಪು ಒಪ್ಪಿಕೊಳ್ಳುವವಳಂತೆ ತಲೆಯಾಡಿಸಿದಳು.

"ಹೊಸ ಮೊಟ್ಟೆ ಸಿಪ್ಪೆ ಬಿಡುವುದಿಲ್ಲ. ಹೋದ ಮನೆಯಲ್ಲೆಲ್ಲ ನಮಗೆ ನುಣ್ಣಗಿನದ್ದೇ ಸಿಕ್ಕಿದ್ದು, ಹಳೆಯದ್ದು. ಇಲ್ಲಿ ಮರ್ಯಾದೆ ಉಂಟು."

ಮದುವೆ ಆಯಿತು. ಮೊದಲ ವರ್ಷವೆಲ್ಲ ನಾನು ಕಾರ್ಕಳಕ್ಕೆ ಹೋದಾಗ ಅಕ್ಕ ಹೊಂಡ ಬಿದ್ದ ಮೊಟ್ಟೆಯನ್ನೇ ಬಡಿಸುತ್ತಿದ್ದಳು, ನಾನೂ ಬೀಗುತ್ತಿದ್ದೆ. ಮೊನ್ನೆ ಹೋದಾಗ ತಟ್ಟೆಗೆ ಬಿದ್ದದ್ದು ಒಂದು ಗೀರೂ ಇಲ್ಲದ ನುಣುಪು ಮೊಟ್ಟೆ. ನನ್ನ ಮುಖ ಸಪ್ಪಗಾದದ್ದು ಅಕ್ಕನಿಗೆ ಕಂಡಿತು.

"ನೀನು ಎಂತ, ನೆಂಟನಾ?" ಎಂದು ಇನ್ನೊಂದು ಹಾಕಿದಳು. ಅದೂ ನುಣ್ಣಗೇ ಇತ್ತು. ಮೂರನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ.