ಸಿಸ್ಟರ್ ಕೊಡದ ಬೇರು

ಬಿಳಿ ಮುಸುಕಿನ ಅಂಚು ನಮ್ಮ ವಿಜ್ಞಾನದ ಸಿಸ್ಟರಿನ ಹಣೆಯ ಮೇಲೆ ಸದಾ ಒದ್ದೆಯಾಗಿರುತ್ತಿತ್ತು. ಡಿಸೆಂಬರಿನ ಬೆಳಗಿನಲ್ಲೂ. ಸಿಸ್ಟರ್ ಮುಖ ತೊಳೆದು ಒರೆಸಿಕೊಳ್ಳದೆ ಕ್ಲಾಸಿಗೆ ಬರುತ್ತಾರೆ ಎಂದು ಒಂಬತ್ತನೆಯ ತರಗತಿಯ ನಾವು ತಿಳಿದಿದ್ದೆವು. ಪಾಠದ ನಡುವೆ ಒಮ್ಮೆಲೇ ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದರು. ಕಿವಿಯ ತನಕ ಕೆಂಪಾಗಿ, ವಿಜ್ಞಾನದ ಪುಸ್ತಕದಿಂದ ಗಾಳಿ ಹಾಕಿಕೊಂಡು, ಮತ್ತೆ ದಾಸವಾಳದ ಎಸಳುಗಳಿಗೆ ಮರಳುತ್ತಿದ್ದರು. ಆ ಬೆವರು ಎಂಥದ್ದೆಂದು ನನಗೆ ತಿಳಿದದ್ದು ಅದು ನನಗೇ ಬಂದಾಗ.

ನಲವತ್ತೆಂಟಕ್ಕೆ ಮುಟ್ಟು ನಿಂತಿತು. ದೋಸೆ ಹೊಯ್ಯುವಾಗ ಎದೆಯಿಂದ ಬಿಸಿ ಏರಿ ಮುಖಕ್ಕೆ ಬರುತ್ತಿತ್ತು. ರವಿಕೆ ಬೆನ್ನಿಗೆ ಅಂಟುತ್ತಿತ್ತು. ಅದನ್ನಾದರೂ ತಾಳಬಹುದು, ಆದರೆ ಒಳಗೆಲ್ಲ ಮರಗಟ್ಟಿದ ಹಾಗಿತ್ತು. ಮಗಳ ಮದುವೆ ನಿಶ್ಚಯವಾದ ದಿನವೂ ಒಗೆದ ಬಟ್ಟೆ ಮಡಚಿಡುವ ಹಾಗೆ ಎಲ್ಲವನ್ನೂ ಮಾಡಿ ಮುಗಿಸಿದೆ. "ಎಂತಾಯ್ತು ನಿಂಗೆ?" ಎಂದು ಗಂಡ ಕೇಳಿದರೆ "ಎಂತ ಇಲ್ಲ" ಎನ್ನುತ್ತಿದ್ದೆ. ಅದು ಸುಳ್ಳಾಗಿರಲಿಲ್ಲ.

ನಿವೃತ್ತರಾದ ಸಿಸ್ಟರ್ ಮೂಡುಬಿದಿರೆಯ ಕಾನ್ವೆಂಟಿನ ಹಿತ್ತಿಲಲ್ಲಿ ಮದ್ದಿನ ಗಿಡ ಬೆಳೆಸಿ ಇಂಥದಕ್ಕೆಲ್ಲ ಬೇರು ಕೊಡುತ್ತಾರೆಂದು ಹಳೆಯ ಸಹಪಾಠಿಯೊಬ್ಬಳು ಹೇಳಿದಳು. ಬೆಳ್ತಂಗಡಿಯಿಂದ ಬಸ್ಸು ಹತ್ತಿ ಹೋದೆ. ಎಂಬತ್ತು ದಾಟಿದವರು ಕಂಡ ಕೂಡಲೇ ಗುರುತಿಸಿದರು.

"ಬಾ ಮಗಾ. ನಿಂಗೂ ಶುರುವಾಯ್ತಾ?"

ನಾನು ನೆಲ ನೋಡಿದೆ.

"ನಾಚುದು ಎಂತಕ್ಕೆ? ಮದುವೆ ಇಲ್ಲ, ಮಕ್ಕಳಿಲ್ಲ ಅಂತ ದೇವರು ನಮಗೆ ಇದರಲ್ಲಿ ರಿಯಾಯಿತಿ ಕೊಡ್ಲಿಲ್ಲ ಮಾರಾಯ್ತಿ. ನಿಮಗಾದರೂ ಗಾಳಿ ಹಾಕ್ಲಿಕ್ಕೆ ಸೆರಗು ಉಂಟು. ನಮಗೆ ತಲೆಯಿಂದ ಕಾಲಿನ ತನಕ ಬಟ್ಟೆ!"

ಒಣಗಿಸಿ ಪುಡಿ ಮಾಡಿದ ಶತಾವರಿ ಬೇರನ್ನು ಹಾಲಿಗೆ, ಲಾವಂಚವನ್ನು ಕುಡಿಯುವ ನೀರಿಗೆ ಹಾಕಬೇಕು. ಊಟಕ್ಕೆ ಒಂದೆಲಗದ ಚಟ್ನಿ. ಪುಡಿಯನ್ನು ಮೊದಲು ತಾವೇ ನಾಲಿಗೆಗೆ ಹಚ್ಚಿ, ಮುಖ ಕಿವುಚಿ, ಆಮೇಲೆ ಪೊಟ್ಟಣ ಕಟ್ಟುವುದು ಅವರ ಕ್ರಮ. "ಬೆವರು ಕಮ್ಮಿ ಆದೀತು, ನಿದ್ರೆ ಬಂದೀತು. ಮತ್ತೆ ಹದಿನಾರರ ಹುಡುಗಿ ಆಗ್ಲಿಕ್ಕಿಲ್ಲ, ಆಯ್ತಾ?"

ಬೆವರು ಕಡಿಮೆಯಾಯಿತು, ನಿದ್ರೆಯೂ ಬಂತು. ಒಳಗಿನ ಜಡ ಮಾತ್ರ ಹಾಗೆಯೇ ಇತ್ತು.

ಮುಟ್ಟು ನಿಂತು ಒಂದೂವರೆ ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿತು. ಬಚ್ಚಲಲ್ಲಿ ಅದನ್ನು ಕಂಡಾಗ ಬಹಳ ಕಾಲದ ಮೇಲೆ ಸಂತೋಷದಂಥದ್ದೊಂದು ಬಂತು. ಬೇರು ಹಿಡಿಯಿತು, ದೇಹ ಮೊದಲಿನಂತಾಯಿತು ಎಂದುಕೊಂಡೆ. ಬಾಳೆಹಣ್ಣಿನ ಹಲ್ವ ಕಾಯಿಸಿ ಸಿಸ್ಟರಿಗೆ ಕೊಂಡುಹೋದೆ.

ಒಂದು ತುಂಡು ಕೈಗೆತ್ತಿಕೊಂಡವರು ನನ್ನ ಮಾತು ಕೇಳಿ ಅದನ್ನು ಡಬ್ಬಿಗೇ ಹಾಕಿದರು.

"ಇದು ಒಳ್ಳೇದಲ್ಲ ಮಗಾ."

"ಸಿಸ್ಟರ್, ಪುಡಿ ಮುಗಿದಿದೆ. ಇನ್ನೊಂದು ಪೊಟ್ಟಣ..."

"ಪುಡಿ ಹಾಳಾಗಿ ಹೋಗ್ಲಿ! ನಡಿ, ಡಾಕ್ಟರತ್ರ ಹೋಗುವ."

"ನಾಳೆ ಇವರ ಜೊತೆ ಹೋಗ್ತೇನೆ."

"ನಾಳೆ ನೀನು ಹೋಗುದಿಲ್ಲ, ನಂಗೆ ಗೊತ್ತುಂಟು. ಹೋಂವರ್ಕಿಗೂ ಹೀಗೇ ಹೇಳ್ತಿದ್ದಿ."

ಮೊಣಕಾಲು ಹಿಡಿದುಕೊಂಡು ರಿಕ್ಷಾ ಹತ್ತಿದರು. ಪರೀಕ್ಷೆಗಳಾದವು. ಗರ್ಭಕೋಶದಲ್ಲಿ ಕ್ಯಾನ್ಸರ್, ಆದರೆ ಬೇಗ ಸಿಕ್ಕಿದೆ ಎಂದರು ಡಾಕ್ಟರಮ್ಮ. ಗರ್ಭಕೋಶ ತೆಗೆದರು. ನಾನು ಅಳಲಿಲ್ಲ, ಅಳು ಎಲ್ಲಿಂದ ಬರಬೇಕೆಂದೇ ತಿಳಿಯಲಿಲ್ಲ.

ವಾರ್ಡಿಗೆ ಬಂದ ಸಿಸ್ಟರ್ ನನ್ನನ್ನು ಮಾತಾಡಿಸುವ ಮೊದಲು ಡಾಕ್ಟರಮ್ಮನನ್ನು ಕೇಳಿದರು, "ನಾನು ಕೊಟ್ಟದ್ದರಿಂದ ಆಯ್ತಾ?"

"ಅದರಿಂದ ಅಂತ ಹೇಳ್ಲಿಕ್ಕಾಗುದಿಲ್ಲ ಸಿಸ್ಟರ್. ಆದರೆ ಅದನ್ನೇ ಕುಡ್ಕೊಂಡು ಮನೆಯಲ್ಲಿ ಕೂತಿದ್ದರೆ ಕಷ್ಟ ಇತ್ತು."

ಸಿಸ್ಟರ್ ತಲೆಯಾಡಿಸಿದರು. ಕಿತ್ತಳೆ ಸುಲಿದು ಕೊಟ್ಟರು.

ಮುಂದೆ ಬೇರಿಗೆ ಬಂದ ಪ್ರತಿ ಹೆಂಗಸಿಗೂ ಒಂದು ಪ್ರಶ್ನೆ ಕೇಳತೊಡಗಿದರು: "ನಿಂತ ಮೇಲೆ ಮತ್ತೆ ರಕ್ತ ಹೋಗಿದೆಯಾ?" ಕಿವಿ ಮಂದವಾಗಿತ್ತು, ಕೇಳುವುದು ಕ್ಲಾಸಿನಲ್ಲಿ ಕೇಳುವ ಸ್ವರದಲ್ಲಿ. ಬಂದವರೆಲ್ಲ ಗೋಡೆ ನೋಡುತ್ತಿದ್ದರು. ಉತ್ತರ ಬಾರದೆ ಪುಡಿಯ ಡಬ್ಬಿಯ ಮುಚ್ಚಳ ತೆರೆಯುತ್ತಿರಲಿಲ್ಲ. "ಹೌದು" ಎಂದವರಿಗೆ ಬೇರು ಇಲ್ಲ, ಡಾಕ್ಟರರ ದಾರಿ.

ಕಳೆದ ಮಳೆಗಾಲದಲ್ಲಿ ಸಿಸ್ಟರ್ ತೀರಿಕೊಂಡರು. ಪೆಟ್ಟಿಗೆಯಲ್ಲಿ ಅವರ ಮುಖ ನೋಡಿದಾಗಲೂ ನನ್ನೊಳಗೆ ಏನೂ ಅಲುಗಲಿಲ್ಲ. ಹಿಡಿ ಮಣ್ಣು ಹಾಕಲು ಸಾಲಿನಲ್ಲಿ ನಿಂತೆ.

"ನೀವು ಸಿಸ್ಟರಿನ ಸ್ಟೂಡೆಂಟಾ?" ಎಂದು ಪಕ್ಕದ ಹೆಂಗಸು ಕೇಳಿದರು. ಬಂಟ್ವಾಳದವರಂತೆ.

"ಹೌದು."

"ನಾನಲ್ಲ. ನಾನು ಬೇರಿಗೆ ಬಂದವಳು. ಅಷ್ಟು ಜನರ ಎದುರು ಎಂಥದ್ದು ಕೇಳಿದ್ರು ಗೊತ್ತುಂಟಾ? ಇವರಿಗೆ ಮಾನ ಮರ್ಯಾದೆ ಇಲ್ವಾ ಅಂತ ಬೈಕೊಂಡೇ ಡಾಕ್ಟರತ್ರ ಹೋದೆ. ಹೋದದ್ದಕ್ಕೆ ಇದ್ದೇನೆ."

ನನಗೆ ಆದದ್ದು ಏನೆಂದು ನೆಂಟರಿಗೂ ಹೇಳಿರಲಿಲ್ಲ.

"ನಾನೂ ಹಾಗೆ ಉಳಿದವಳು," ಎಂದೆ.

ಅವರು ನನ್ನ ಕೈ ಹಿಡಿದರು. ಕೈ ಬೆಚ್ಚಗಿತ್ತು. ಸಾಲು ಮುಂದೆ ಸರಿಯುವವರೆಗೂ ನಾನದನ್ನು ಬಿಡಲಿಲ್ಲ.