ಲೊರೇನ್ ಕೊಟ್ಟ ತಾರೀಖು
ನಮ್ಮ ಬೋಲ್ಟನ್ ಬೀದಿಯ ಲೊರೇನ್ ತನ್ನ ಮನೆಯಲ್ಲೇ ಊರವರ ಮಕ್ಕಳನ್ನು ನೋಡಿಕೊಳ್ಳುವವಳು. ಮೂಗು ಸೋರುವುದು ಕಂಡರೆ ಅಂಚೆಯವನದ್ದನ್ನೂ ಒರೆಸದೆ ಬಿಡುವವಳಲ್ಲ. ಸ್ವಂತ ದುಡಿಮೆಯೆಂದು ತೆರಿಗೆಗೆ ಹೆಸರು ನೋಂದಾಯಿಸಬೇಕೆಂದು ಗೊತ್ತಾದಾಗಿನಿಂದ, ಮಕ್ಕಳು ಮಲಗಿದ ಹೊತ್ತು ನೋಡಿ ದಿನಾ ಕಚೇರಿಗೆ ಫೋನು ಹಚ್ಚುತ್ತಾಳೆ. ಸರದಿ ಬರುವಷ್ಟರಲ್ಲಿ ಯಾವುದೋ ಕೂಸು ಎದ್ದು ಕಿರುಚುತ್ತದೆ. ಇವತ್ತು ಅಕ್ಟೋಬರ್ ಐದು, ನೋಂದಣಿಗೆ ಕೊನೆಯ ದಿನ. ಅವಳ ಪಕ್ಕ ಕೂತಿದ್ದ ನಾನು ಚಹಾ ಕಪ್ಪು ಕೆಳಗಿಟ್ಟ ಸದ್ದಿಗೇ ನನ್ನನ್ನು ದುರುಗುಟ್ಟಿ ನೋಡಿದಳು. ಅಂತೂ ಸರದಿ ಬಂತು. ಕೆಲಸ ಶುರುವಾದ ದಿನ ಯಾವುದೆಂದು ಅಧಿಕಾರಿ ಕೇಳಿದ. “ಫೆಬ್ರವರಿ ಆರು, ಮರಿ,” ಅಂದಳು. “ನಿನ್ನ ಮೊದಲನೇ ಕೂಸು ಆಲ್ಫಿ ಮೂರನೇ ತಾರೀಖಿಗೇ ಬಂದಿದ್ನಲ್ಲೇ!” ಎಂದು ನಾನು ಗಾಬರಿಯಿಂದ ಪಿಸುಗುಟ್ಟಿದೆ. ಫೋನಿಗೆ ಕೈ ಅಡ್ಡ ಹಿಡಿದಳು. “ಬಂದಿದ್ದ, ಕಣೇ. ಮೂರು ದಿನ ಕಿಟಕಿ ಹಿಡ್ಕೊಂಡು ಅಮ್ಮಾ ಅಂತ ಅತ್ತ. ಆರಕ್ಕೆ ತಾನಾಗೇ ನನ್ನ ಮಡಿಲು ಹತ್ತಿದ. ಅವನು ನನ್ನನ್ನ ಕೆಲಸಕ್ಕೆ ತಗೊಂಡಿದ್ದು ಅವತ್ತು.”