ಸುಮಂಗಲಾ ಮೇಡಂ ಬೆಳೆಸಿದ ಹರಳು

ಸುಮಂಗಲಾ ಮೇಡಂಗೆ ನಮಸ್ಕಾರ ಹೇಳಿದರೆ ತಿರುಗಿ ನಮಸ್ಕಾರ ಬರುತ್ತಿರಲಿಲ್ಲ. "ಕೈ ಒರಸ್ಕೊಂಡು ಬಾ" ಅನ್ನುತ್ತಿದ್ದರು. ಸೊಲ್ಲಾಪುರದ ನಮ್ಮ ಕಾಲೇಜಿನ ಪ್ರಯೋಗಾಲಯದ ಬಾಗಿಲಿಗೆ ಅವರೇ ಒಂದು ಟವೆಲ್ ಕಟ್ಟಿದ್ದರು. ಪ್ರಾಚಾರ್ಯರೂ ಕೈ ಒರೆಸಿಯೇ ಒಳಗೆ ಬರಬೇಕು. ಬೆನ್ನ ಹಿಂದೆ ಎಲ್ಲರೂ ಅವರನ್ನು ಮಡಿ ಬಾಯಿ, ಮಡಿ ಹೆಂಗಸು ಎಂದು ಆಡಿಕೊಳ್ಳುತ್ತಿದ್ದರು.

ಮಡಿ ಅವರದಲ್ಲ, ಹರಳಿನದು. ಬೋರೇಟ್ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ, ವಾರಗಟ್ಟಲೆ ತಣಿಸುತ್ತ ಹರಳು ಬೆಳೆಸುವುದು ಅವರ ಕೆಲಸ. ಲೇಸರನ್ನು ಹಾಯಿಸಿದರೆ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಕೊಡುವಂಥ ಹೊಸ ಹರಳು. ನೀರು ತಾಗಿದರೆ ಕೆಟ್ಟಿತು, ನಡುವೆ ಕರೆಂಟು ಹೋದರೆ ಒಡೆಯಿತು. ಒಡೆದಾಗಲೆಲ್ಲ ಅವರ ವಿದ್ಯಾರ್ಥಿಗಳಾದ ನಮಗೆ ಬೈದು, ಮತ್ತೆ ಪುಡಿ ತೂಗಲು ಕೂರುತ್ತಿದ್ದರು. "ಜ್ವಾಳ ಬರಲಿಲ್ಲಂತ ಯಾರರ ಬಿತ್ತೂದು ಬಿಡ್ತಾರೇನು?"

ನಿವೃತ್ತಿ ಹತ್ತಿರ ಬಂದಾಗ ಹೆಬ್ಬೆರಳಿನಷ್ಟು ದಪ್ಪದ, ಒಂದು ಗೀರೂ ಇಲ್ಲದ ಹರಳು ಬಂತು. ಪುಣೆಯಲ್ಲಿ ಲೇಸರ್ ಪರೀಕ್ಷೆ ಗೆದ್ದರೆ ಅವರ ಇಡೀ ಬದುಕಿನ ಕೆಲಸ ಸಾಬೀತಾಗುತ್ತಿತ್ತು.

ಅಷ್ಟರಲ್ಲಿ ಕಾಲೇಜು ನಡೆಸುವ ಸಂಸ್ಥೆಯ ಅಧ್ಯಕ್ಷರು ನೋಡಲು ಬಂದರು. ಮೇಡಂ ವಿವರಿಸಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅಧ್ಯಕ್ಷರಿಗೆ ಕಂಡದ್ದು ಪೂಜೆಯ ಸ್ಫಟಿಕ. ಸೋಮವಾರ ದೇವರ ಮುಂದಿಟ್ಟು ಮರುದಿನ ಕಳಿಸುತ್ತೇನೆಂದು ಡಬ್ಬಿ ಸಮೇತ ಒಯ್ದರು. ಬೇಡವೆಂದ ಮೇಡಂ ಬಾಯಿಯನ್ನು ಪ್ರಾಚಾರ್ಯರು ಮುಚ್ಚಿಸಿದರು. ಹರಳು ತಿರುಗಿ ಬಂದಾಗ ಹಾಲು, ಮೊಸರು, ಜೇನುತುಪ್ಪ, ನೀರು ಎಲ್ಲದರ ಅಭಿಷೇಕವೂ ಆಗಿತ್ತು. ಮೈಯೆಲ್ಲ ಮಬ್ಬು, ಒಳಗೆ ಬಿರುಕು. ಮೇಡಂ ಅದನ್ನು ಮುಟ್ಟಲೇ ಇಲ್ಲ. ನಿವೃತ್ತಿಯಾದ ಮೇಲೆ ಕುಲುಮೆ ಗುಜರಿಗೆ ಹೋಯಿತು, ಹರಳು ಕಾಲೇಜಿನ ಶೋಕೇಸಿಗೆ.

ಮುಂದೊಂದು ದಿನ ಅಂಥದ್ದೇ ಹರಳು ಬೇರೆ ದೇಶದಲ್ಲಿ ಲೇಸರ್ ಪರೀಕ್ಷೆ ಗೆದ್ದ ಸುದ್ದಿ ಬಂತು. ಅಕ್ಕಲಕೋಟೆಯಲ್ಲಿದ್ದ ಮೇಡಂ ಮನೆಗೆ ಹೋಗಿ ನನ್ನ ಫೋನಿನಲ್ಲಿ ತೋರಿಸಿದೆ. ಪೂರ್ತಿ ಓದಿ ಫೋನು ಕೊಟ್ಟರು.

"ಅವರ ಊರಾಗ ಹರಳಿಗಿ ಅಭಿಷೇಕ ಮಾಡೂದಿಲ್ಲ ಕಾಣಸ್ತದ" ಅಂದರು. ಚಹಾ ಕೊಟ್ಟರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ಅವರ ಫೋಟೋದ ಪಕ್ಕದಲ್ಲಿ ಅದೇ ಹರಳನ್ನು ಕುಂಕುಮ ಹಚ್ಚಿ ಇಟ್ಟಿದ್ದರು. "ಮ್ಯಾಡಮ್ ಅಂದ್ರ ನಮ್ಮ ಸಂಸ್ಥೆದ ಸ್ಫಟಿಕ ಇದ್ರು ನೋಡ್ರಿ" ಎಂದ ಅಧ್ಯಕ್ಷರು, ನೀರಿನಲ್ಲಿ ಅದ್ದಿದ ಹೂವನ್ನು ಅದರ ಮೇಲೂ ಹಾಕಿದರು. ನನ್ನ ಸರದಿ ಬಂದಾಗ ಕರವಸ್ತ್ರಕ್ಕೆ ಕೈ ಒರೆಸಿಕೊಂಡೆ. ಹೂವು ಹಾಕದೆ, ಹರಳನ್ನು ಎತ್ತಿ ಜೇಬಿಗಿಟ್ಟುಕೊಂಡು ಎಲ್ಲರ ಮುಂದೆಯೇ ಹೊರಗೆ ಬಂದೆ.